ಶಿಬಿರದಿಂದ ಕ್ರೀಡಾಂಗಣಕ್ಕೆ

ದೇಶದ ಹೆಸರನ್ನು ಎದೆಯ ಮೇಲೆ ಧರಿಸಿ ಆಟದ ಅಂಗಣಕ್ಕೆ ಇಳಿಯುವುದು ಯಾವ ಆಟಗಾರನಿಗಾದರೂ ದೊರೆಯಬಹುದಾದ ಬಹು ದೊಡ್ಡ ಗೌರವ. ಸಾಮಾನ್ಯವಾಗಿ ದೇಶವೊಂದು ಮೊದಲು ನೆಲೆಗೊಳ್ಳುತ್ತದೆ. ಅಲ್ಲಿ ಶಾಲೆಗಳು ಏಳುತ್ತವೆ, ಬಯಲುಗಳು ಸಿದ್ಧವಾಗುತ್ತವೆ, ಸಂಘ ಸಂಸ್ಥೆಗಳು ಬೆಳೆಯುತ್ತವೆ. ಹೀಗೆ ಹದಗೊಂಡ ನೆಲದಲ್ಲಿ ಕಾಲಕ್ರಮದಲ್ಲಿ ಒಂದು ತಂಡವು ರೂಪುಗೊಳ್ಳುತ್ತದೆ. ಆದರೆ ನಮ್ಮ ಕಾಲದಲ್ಲಿಯೇ ಈ ಕ್ರಮಕ್ಕೆ ವಿರುದ್ಧವಾಗಿ ಹುಟ್ಟಿದ ತಂಡವೊಂದಿದೆ. ಅದರ ಆಟಗಾರರಲ್ಲಿ ಅನೇಕರು ಬಾಲ್ಯವನ್ನು ತಮ್ಮ ತಾಯ್ನಾಡಿನಲ್ಲಿ ಕಳೆದವರಲ್ಲ. ಅವರು ಬ್ಯಾಟು ಹಿಡಿಯಲು ಕಲಿತದ್ದು ಪರದೇಶದ ನಿರಾಶ್ರಿತರ ಶಿಬಿರಗಳಲ್ಲಿ. ತಾವು ಸರಿಯಾಗಿ ಕಂಡೇ ಇರದ ದೇಶಕ್ಕೆ ಅವರು ಮೊದಲು ತಂಡವನ್ನು ಕಟ್ಟಿದರು. ಆ ತಂಡದ ಮೂಲಕ ಲೋಕವು ಅವರ ದೇಶವನ್ನು ಹೊಸ ಕಣ್ಣಿನಿಂದ ನೋಡುವಂತಾಯಿತು. ಅದೇ ಅಫ್ಘಾನಿಸ್ತಾನದ ಕ್ರಿಕೆಟ್ ತಂಡ.

ಅಫ್ಘಾನಿಸ್ತಾನವು ಪರ್ವತಗಳಿಂದ ಕೂಡಿದ ನಾಡು. ಸಮುದ್ರದ ತೀರ ಅದಕ್ಕಿಲ್ಲ. ಹಿಂದೂಕುಷ್ ಪರ್ವತಶ್ರೇಣಿಯು ದೇಶದ ನಡುವೆ ಹಾದುಹೋಗಿದೆ. ಪ್ರಾಚೀನ ಕಾಲದಲ್ಲಿ ವ್ಯಾಪಾರಿಗಳ ಸಾಲುಗಳು ಈ ನಾಡಿನ ಕಣಿವೆಗಳ ಮೂಲಕವೇ ಸಾಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ದೇಶಕ್ಕೆ ಕೇಡುಗಾಲ ಒದಗಿತು. 1979ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಸೇನೆಯು ಅಫ್ಘಾನಿಸ್ತಾನವನ್ನು ಪ್ರವೇಶಿಸಿತು. ಆಗ ಉರಿದೆದ್ದ ಯುದ್ಧವು ಒಂದಲ್ಲ ಒಂದು ರೂಪದಲ್ಲಿ ದಶಕಗಳ ಕಾಲ ಮುಂದುವರಿಯಿತು. ಲಕ್ಷಾಂತರ ಜನರು ಮನೆಮಾರುಗಳನ್ನು ತೊರೆದು, ಹೊರಲು ಸಾಧ್ಯವಾದಷ್ಟನ್ನು ಹೊತ್ತುಕೊಂಡು, ನೆರೆಯ ಪಾಕಿಸ್ತಾನ ಮತ್ತು ಇರಾನ್ ದೇಶಗಳಿಗೆ ವಲಸೆ ಹೋದರು. ಪಾಕಿಸ್ತಾನದ ಪೇಶಾವರ ನಗರದ ಸುತ್ತಮುತ್ತ ಡೇರೆಗಳ ಊರುಗಳೇ ಎದ್ದವು. ಕಾಲ ಕಳೆದಂತೆ ಡೇರೆಗಳ ಜಾಗದಲ್ಲಿ ಮಣ್ಣಿನ ಗೋಡೆಗಳು ಬಂದವು. ನಾಳೆಯೋ ನಾಡಿದ್ದೋ ಊರಿಗೆ ಮರಳುವೆವೆಂದು ಬಂದವರು ಅಲ್ಲಿಯೇ ವರ್ಷಗಳನ್ನು ಕಳೆದರು. ಅವರ ಮಕ್ಕಳು ಆ ಮಣ್ಣಿನ ಓಣಿಗಳಲ್ಲಿಯೇ ಬೆಳೆದರು.

ಮಕ್ಕಳಿರುವ ಕಡೆ ಆಟವಿಲ್ಲದಿರುವುದು ಅಸಾಧ್ಯ. ಪಾಕಿಸ್ತಾನದಲ್ಲಿ ಕ್ರಿಕೆಟ್ ಜನಪ್ರಿಯವಾದ ಆಟವಾಗಿತ್ತು. ಶಿಬಿರದ ಮಕ್ಕಳು ಅದನ್ನು ಬೀದಿಗಳಲ್ಲಿ ಕಂಡರು, ರೇಡಿಯೊದಲ್ಲಿ ಕೇಳಿದರು, ಟೆಲಿವಿಷನ್ ಇದ್ದ ಅಂಗಡಿಗಳ ಮುಂದೆ ನಿಂತು ನೋಡಿದರು. 1992ರಲ್ಲಿ ಪಾಕಿಸ್ತಾನವು ವಿಶ್ವಕಪ್ಪನ್ನು ಗೆದ್ದಾಗ ಆ ಉತ್ಸಾಹವು ಶಿಬಿರಗಳಿಗೂ ಹರಡಿತು. ಆದರೆ ಅಲ್ಲಿ ಹುಲ್ಲಿನ ಅಂಗಣವಾಗಲಿ, ಚರ್ಮದ ಚೆಂಡಾಗಲಿ, ಕೈಗವಸಾಗಲಿ ಇರಲಿಲ್ಲ. ಟೆನಿಸ್ ಚೆಂಡಿನ ಮೇಲೆ ವಿದ್ಯುತ್ ತಂತಿಗೆ ಸುತ್ತುವ ಅಂಟುಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಅದೇ ಅವರ ಚೆಂಡು. ಸಿಕ್ಕಿದ ಮರದ ಹಲಗೆಯೇ ಬ್ಯಾಟು. ಕಲ್ಲುಮಣ್ಣಿನ ಗಟ್ಟಿ ನೆಲವೇ ಅಂಗಣ. ಹೊಟ್ಟೆಪಾಡಿಗೆ ನೆರವಾಗದ ಈ ಆಟವನ್ನು ಅನೇಕ ಹಿರಿಯರು ಮೊದಮೊದಲು ಮೆಚ್ಚಲಿಲ್ಲ. ಊರು ಕಳೆದುಕೊಂಡವರಿಗೆ ಆಟವೆಂಬುದು ಸಲ್ಲದ ಸುಖವೆಂದು ಅವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಮಕ್ಕಳಾದರೋ ಆಡುವುದನ್ನು ಬಿಡಲಿಲ್ಲ.

ಪೇಶಾವರದ ಬಳಿಯ ಕಚಾಗಢಿ ಎಂಬ ಶಿಬಿರದಲ್ಲಿ ತಾಜ್ ಮಲಿಕ್ ಎಂಬ ತರುಣರಿದ್ದರು. ಕ್ರಿಕೆಟ್ ಅವರ ಉಸಿರಾಗಿತ್ತು. ಅವರ ಸಹೋದರರಾದ ಕರೀಮ್ ಸಾದಿಕ್ ಮತ್ತು ಹಸ್ತಿ ಗುಲ್ ಕೂಡ ಒಳ್ಳೆಯ ಆಟಗಾರರು. ಶಿಬಿರಗಳಲ್ಲಿ ಚದುರಿಹೋಗಿದ್ದ ಆಟಗಾರರನ್ನು ಒಂದೆಡೆ ಸೇರಿಸಿ ಅಫ್ಘಾನಿಸ್ತಾನದ ಹೆಸರಿನಲ್ಲಿ ತಂಡವನ್ನು ಕಟ್ಟಬೇಕೆಂಬುದು ತಾಜ್ ಮಲಿಕರ ಕನಸು. ಇಂತಹ ಕನಸು ಕಂಡವರು ಅವರೊಬ್ಬರೇ ಅಲ್ಲ. 1995ರಲ್ಲಿ ಅಫ್ಘಾನಿಸ್ತಾನದ ಕ್ರಿಕೆಟ್ ಒಕ್ಕೂಟವು ಸ್ಥಾಪನೆಯಾಯಿತು. ಅನಂತರ ದೇಶದ ಆಡಳಿತವನ್ನು ವಶಪಡಿಸಿಕೊಂಡ ತಾಲಿಬಾನರು ಮೊದಲು ಆಟಗಳ ಬಗೆಗೆ ಕಠಿಣವಾಗಿದ್ದರೂ 2000ದಲ್ಲಿ ಕ್ರಿಕೆಟಿಗೆ ಒಪ್ಪಿಗೆ ನೀಡಿದರು. 2001ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ಅಫ್ಘಾನಿಸ್ತಾನವನ್ನು ತನ್ನ ಕೆಳಹಂತದ ಸದಸ್ಯನನ್ನಾಗಿ ಸೇರಿಸಿಕೊಂಡಿತು. ಅದೇ ವರ್ಷದ ಕೊನೆಗೆ ತಾಲಿಬಾನ್ ಆಡಳಿತವು ಕುಸಿಯಿತು. ಶಿಬಿರಗಳಿಂದ ಜನರು ತಾಯ್ನಾಡಿಗೆ ಮರಳತೊಡಗಿದರು. ಅವರ ಗಂಟುಮೂಟೆಗಳೊಡನೆ ಕ್ರಿಕೆಟ್ ಆಟವೂ ಗಡಿಯನ್ನು ದಾಟಿ ಅಫ್ಘಾನಿಸ್ತಾನವನ್ನು ಸೇರಿತು.

ತಂಡದ ಹೆಸರು ಹೊರಜಗತ್ತಿಗೆ ಮೊದಲು ಕೇಳಿಸಿದ್ದು ನಮ್ಮ ದೇಶದ ಮುಂಬಯಿಯಲ್ಲಿ. 2006ರ ಮಾರ್ಚಿನಲ್ಲಿ ಲಂಡನ್ನಿನ ಪ್ರಸಿದ್ಧ ಮೆರಿಲಿಬನ್ ಕ್ರಿಕೆಟ್ ಕ್ಲಬ್ಬಿನ ತಂಡವು ಅಲ್ಲಿ ಅಫ್ಘಾನಿಸ್ತಾನದೊಡನೆ ಒಂದು ಪಂದ್ಯವನ್ನಾಡಿತು. ಇಂಗ್ಲೆಂಡಿನ ಮಾಜಿ ನಾಯಕ ಮೈಕ್ ಗ್ಯಾಟಿಂಗ್ ಆ ತಂಡದಲ್ಲಿದ್ದರು. ಅಫ್ಘಾನಿಸ್ತಾನದ ಮೊಹಮ್ಮದ್ ನಬಿ ಎಂಬ ತರುಣರು ಶತಕವನ್ನು ಬಾರಿಸಿದರು. ಗ್ಯಾಟಿಂಗರು ಒಂದು ರನ್ನನ್ನೂ ಗಳಿಸದೆ ಔಟಾದರು. ಅಫ್ಘಾನಿಸ್ತಾನವು 171 ರನ್ನುಗಳಿಂದ ಗೆದ್ದಿತು. ಈ ಗೆಲುವಿನ ಫಲವಾಗಿ ತಂಡಕ್ಕೆ ಇಂಗ್ಲೆಂಡಿಗೆ ಹೋಗಿ ಆಡುವ ಅವಕಾಶ ದೊರೆಯಿತು.

ಆದರೆ ಒಂದು ಗೆಲುವಿನಿಂದ ಅಂತರರಾಷ್ಟ್ರೀಯ ಮನ್ನಣೆ ದೊರೆಯುವುದಿಲ್ಲ. ಅಂದಿನ ಏರ್ಪಾಡಿನಂತೆ ಸಣ್ಣ ದೇಶಗಳ ತಂಡಗಳನ್ನು ಹಲವು ವಿಭಾಗಗಳಲ್ಲಿ ಇರಿಸಲಾಗಿತ್ತು. ಕೆಳಗಿನ ವಿಭಾಗದಲ್ಲಿ ಮೊದಲ ಸ್ಥಾನಗಳನ್ನು ಪಡೆದವರು ಮೇಲಿನ ವಿಭಾಗಕ್ಕೆ ಏರಬಹುದಿತ್ತು. 2008ರ ಮೇ ತಿಂಗಳಲ್ಲಿ ಅಫ್ಘಾನಿಸ್ತಾನದ ತಂಡವು ಈ ಏಣಿಯ ಕೆಳಮೆಟ್ಟಿಲಾದ ಐದನೆಯ ವಿಭಾಗದಲ್ಲಿ ಆಡಲು ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಜರ್ಸಿ ಎಂಬ ಪುಟ್ಟ ದ್ವೀಪಕ್ಕೆ ಹೋಯಿತು. ತಾಜ್ ಮಲಿಕರೇ ತರಬೇತುದಾರರು. ಜಪಾನ್, ಜರ್ಮನಿ, ನಾರ್ವೆ, ಬೋಟ್ಸ್ವಾನ, ನೇಪಾಳ ಮೊದಲಾದ 12 ತಂಡಗಳು ಅಲ್ಲಿ ಸೇರಿದ್ದವು. ಅಂತಿಮ ಪಂದ್ಯದಲ್ಲಿ ಜರ್ಸಿಯ ತಂಡವು ಕೇವಲ 80 ರನ್ನುಗಳಿಗೆ ಔಟಾಯಿತು. ಆದರೆ ಆ ಸಣ್ಣ ಮೊತ್ತವನ್ನು ಮುಟ್ಟುವಷ್ಟರಲ್ಲಿ ಅಫ್ಘಾನಿಸ್ತಾನದ ಎಂಟು ವಿಕೆಟ್ಟುಗಳು ಉರುಳಿದ್ದವು. ಕೊನೆಗೆ ಎರಡು ವಿಕೆಟ್ಟುಗಳ ಗೆಲುವು ದಕ್ಕಿತು. ಇನ್ನೆರಡು ವಿಕೆಟ್ಟುಗಳು ಉರುಳಿದ್ದರೆ ಆ ಪ್ರಶಸ್ತಿಯು ಕೈತಪ್ಪುತ್ತಿತ್ತು.

ಜರ್ಸಿಯ ಗೆಲುವಿನ ಕೆಲವು ತಿಂಗಳುಗಳಲ್ಲಿಯೇ ತಾಜ್ ಮಲಿಕರ ಸ್ಥಾನಕ್ಕೆ ಪಾಕಿಸ್ತಾನದ ಮಾಜಿ ಆಟಗಾರ ಕಬೀರ್ ಖಾನರು ಬಂದರು. ಬೀಜವನ್ನು ಬಿತ್ತಿದವರು ಫಲವನ್ನು ಕೊಯ್ಯುವ ಕಾಲಕ್ಕೆ ಮುಂಚೂಣಿಯಲ್ಲಿ ಇರಲಿಲ್ಲ. ಆದರೂ ತಂಡದ ನಡಿಗೆ ನಿಲ್ಲಲಿಲ್ಲ. 2008ರ ಅಕ್ಟೋಬರಿನಲ್ಲಿ ಟಾಂಜಾನಿಯದಲ್ಲಿಯೂ 2009ರ ಜನವರಿಯಲ್ಲಿ ಅರ್ಜೆಂಟೀನದಲ್ಲಿಯೂ ಅದು ಒಂದೊಂದು ಮೆಟ್ಟಿಲನ್ನು ಏರಿತು. 2009ರ ಏಪ್ರಿಲಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ಅರ್ಹತಾ ಪಂದ್ಯಾವಳಿಯಲ್ಲಿ ವಿಶ್ವಕಪ್ಪಿನ ಸ್ಥಾನ ದೊರೆಯದಿದ್ದರೂ ಏಕದಿನ ಅಂತರರಾಷ್ಟ್ರೀಯ ಪಂದ್ಯಗಳನ್ನಾಡುವ ಮಾನ್ಯತೆಯು ದೊರೆಯಿತು. ಸ್ಕಾಟ್ಲೆಂಡಿನ ವಿರುದ್ಧ ಆಡಿದ ತನ್ನ ಮೊದಲ ಏಕದಿನ ಪಂದ್ಯವನ್ನು ಅಫ್ಘಾನಿಸ್ತಾನವು 89 ರನ್ನುಗಳಿಂದ ಗೆದ್ದುಕೊಂಡಿತು.

ಇಷ್ಟರಲ್ಲಿ ಕ್ರಿಕೆಟಿನಲ್ಲಿಯೇ ಒಂದು ದೊಡ್ಡ ಬದಲಾವಣೆಯಾಗಿತ್ತು. 2003ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡಗಳು ಇಪ್ಪತ್ತು ಓವರುಗಳ ಪಂದ್ಯಗಳನ್ನು ಆರಂಭಿಸಿದ್ದವು. ಈ ಬಗೆಯ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದವರು ಮಹಿಳೆಯರು. 2004ರ ಆಗಸ್ಟಿನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ಮಹಿಳಾ ತಂಡಗಳು ಅದನ್ನಾಡಿದವು. ಪುರುಷರ ಮೊದಲ ಪಂದ್ಯವು 2005ರ ಫೆಬ್ರವರಿಯಲ್ಲಿ ಆಕ್ಲೆಂಡಿನಲ್ಲಿ ನಡೆಯಿತು. 2007ರಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಭಾರತವು ಗೆದ್ದಿತು.

ಈ ಕಿರು ಆಟವು ಸಣ್ಣ ತಂಡಗಳಿಗೆ ಹೇಗೆ ನೆರವಾಯಿತೆಂಬುದನ್ನು ತಿಳಿಯುವುದು ಅವಶ್ಯ. ಟೆಸ್ಟ್ ಪಂದ್ಯವು ಐದು ದಿನ ನಡೆಯುತ್ತದೆ. ಅಷ್ಟು ಕಾಲ ತಾಳಿ ನಿಲ್ಲಲು ಉತ್ತಮವಾದ ಪಿಚ್ಚುಗಳ ಮೇಲೆ ವರ್ಷಗಟ್ಟಲೆ ಪಡೆದ ಅಭ್ಯಾಸ ಬೇಕು. ತಂಡದ ಹನ್ನೊಂದು ಮಂದಿಯೂ ನುರಿತವರಾಗಿರಬೇಕು. ಇಪ್ಪತ್ತು ಓವರುಗಳ ಪಂದ್ಯದಲ್ಲಿಯಾದರೋ ಒಂದು ತಂಡಕ್ಕೆ ದೊರೆಯುವುದು 120 ಚೆಂಡುಗಳು ಮಾತ್ರ. ಒಬ್ಬ ಬೌಲರನು ಗರಿಷ್ಠ ನಾಲ್ಕು ಓವರುಗಳನ್ನು ಎಸೆಯಬಹುದು. ಒಬ್ಬ ದಾಂಡಿಗನು ಅರ್ಧ ಗಂಟೆ ಚೆನ್ನಾಗಿ ಆಡಿದರೆ, ಇಬ್ಬರು ಬೌಲರುಗಳು ತಮ್ಮ ಎಂಟು ಓವರುಗಳಲ್ಲಿ ರನ್ನುಗಳನ್ನು ಬಿಗಿಹಿಡಿದರೆ ಬಲಿಷ್ಠ ತಂಡವೂ ಸೋಲಬಹುದು. ಶಿಬಿರದ ಹುಡುಗರು ಬಾಲ್ಯದಿಂದ ಆಡಿದ್ದೂ ಇಂತಹ ಆಟವನ್ನೇ. ಹೊತ್ತು ಮುಳುಗುವುದರೊಳಗೆ ಮುಗಿಯಬೇಕಾದ ಪಂದ್ಯದಲ್ಲಿ ಎಲ್ಲರಿಗೂ ಸರದಿ ಸಿಗಬೇಕಾದರೆ ಪ್ರತಿ ಚೆಂಡನ್ನೂ ಬೀಸಿ ಹೊಡೆಯಲೇಬೇಕು. ಅಂಟುಪಟ್ಟಿ ಸುತ್ತಿದ ಹಗುರ ಚೆಂಡಿನಿಂದ ದಾಂಡಿಗನನ್ನು ವಂಚಿಸಬೇಕಾದರೆ ಬೌಲರನ ಕೈ ವೇಗವಾಗಿಯೂ ಬೆರಳು ಚುರುಕಾಗಿಯೂ ಇರಬೇಕು. ಬಡತನವು ಕಲಿಸಿದ ಈ ವಿದ್ಯೆಯು ಹೊಸ ಬಗೆಯ ಕ್ರಿಕೆಟಿನಲ್ಲಿ ಅವರ ಆಸ್ತಿಯಾಯಿತು.

2010ರ ಫೆಬ್ರವರಿ 1ರಂದು ಕೊಲಂಬೊದಲ್ಲಿ ಐರ್ಲೆಂಡಿನ ವಿರುದ್ಧ ಅಫ್ಘಾನಿಸ್ತಾನವು ತನ್ನ ಮೊದಲ ಟಿ-20 ಅಂತರರಾಷ್ಟ್ರೀಯ ಪಂದ್ಯವನ್ನಾಡಿ ಸೋತಿತು. ಎರಡು ವಾರಗಳು ಕಳೆಯುವುದರೊಳಗೆ ಅದು ವಿಶ್ವಕಪ್ಪಿಗೆ ಅರ್ಹತೆಯನ್ನು ಪಡೆಯಿತು, ಅದೇ ಐರ್ಲೆಂಡನ್ನು ದುಬೈಯಲ್ಲಿ ಸೋಲಿಸಿತು ಕೂಡ. ಆ ವರ್ಷದ ಮೇ 1ರಂದು ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯ ದ್ವೀಪದಲ್ಲಿ ನವ್ರೋಜ್ ಮಂಗಲರ ನಾಯಕತ್ವದ ತಂಡವು ಭಾರತವನ್ನು ಎದುರಿಸಿತು. ಆರಂಭಿಕ ದಾಂಡಿಗ ನೂರ್ ಅಲಿಯವರು 50 ರನ್ನುಗಳನ್ನು ಗಳಿಸಿದರು. ಭಾರತವು ಏಳು ವಿಕೆಟ್ಟುಗಳಿಂದ ಸುಲಭವಾಗಿ ಗೆದ್ದಿತು. ಸೋತರೂ ಅಫ್ಘಾನರಿಗೆ ಅದು ಸಣ್ಣ ದಿನವಾಗಿರಲಿಲ್ಲ. ಎರಡು ವರ್ಷಗಳ ಹಿಂದೆ ಐದನೆಯ ವಿಭಾಗದಲ್ಲಿದ್ದವರು ಅಂದು ವಿಶ್ವಕಪ್ಪಿನ ಅಂಗಣದಲ್ಲಿ ಸಾಲಾಗಿ ನಿಂತು ತಮ್ಮ ರಾಷ್ಟ್ರಗೀತೆಯನ್ನು ಕೇಳಿದರು.

ಸೋಲುಗಳಿಂದ ಕಲಿತ ತಂಡವು ಮುಂದೆ ಗೆಲ್ಲಲೂ ಕಲಿಯಿತು. 2015ರ ಏಕದಿನ ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡಿನ ವಿರುದ್ಧ ಸಮೀಉಲ್ಲಾ ಶೆನ್ವಾರಿಯವರ 96 ರನ್ನುಗಳ ನೆರವಿನಿಂದ ಒಂದೇ ವಿಕೆಟ್ಟಿನ ಗೆಲುವು ದೊರೆಯಿತು. 2016ರ ಮಾರ್ಚ್ 27ರಂದು ನಾಗಪುರದಲ್ಲಿ ನಡೆದ ಟಿ-20 ವಿಶ್ವಕಪ್ಪಿನ ಪಂದ್ಯದಲ್ಲಿ ಅಫ್ಘಾನಿಸ್ತಾನವು ವೆಸ್ಟ್ ಇಂಡೀಸನ್ನು 6 ರನ್ನುಗಳಿಂದ ಸೋಲಿಸಿತು. ಒಂದು ವಾರದ ನಂತರ ವೆಸ್ಟ್ ಇಂಡೀಸ್ ತಂಡವು ಅದೇ ವಿಶ್ವಕಪ್ಪನ್ನು ಗೆದ್ದಿತು. ಆ ಪಂದ್ಯಾವಳಿಯಲ್ಲಿ ವಿಶ್ವವಿಜೇತರನ್ನು ಸೋಲಿಸಿದ ತಂಡವೆಂದರೆ ಅಫ್ಘಾನಿಸ್ತಾನವೊಂದೇ.

ಈ ತಂಡವನ್ನು ಪ್ರತಿನಿಧಿಸಿದವರಲ್ಲಿ ಇಬ್ಬರ ಜೀವನವನ್ನು ವಿಶೇಷವಾಗಿ ಗಮನಿಸಬೇಕು. ಮೊದಲನೆಯವರು ಮೊಹಮ್ಮದ್ ನಬಿ. ಇವರ ಕುಟುಂಬವು ಲೋಗರ್ ಪ್ರಾಂತದ್ದು. ಯುದ್ಧದ ಕಾರಣದಿಂದ ಕುಟುಂಬವು ಪೇಶಾವರವನ್ನು ಸೇರಿತು. ನಬಿಯವರು ಆಟ ಕಲಿತದ್ದು ಅಲ್ಲಿಯೇ. ಮುಂಬಯಿಯಲ್ಲಿ ಶತಕ ಬಾರಿಸಿದ ತರುಣರು ಇವರೇ. 2009ರ ಮೊದಲ ಏಕದಿನ ಪಂದ್ಯದಲ್ಲಿಯೂ 2010ರ ಮೊದಲ ಟಿ-20 ಪಂದ್ಯದಲ್ಲಿಯೂ ಇವರು ಆಡಿದ್ದರು. ಬ್ಯಾಟಿಂಗ್, ಬೌಲಿಂಗ್ ಎರಡರಲ್ಲಿಯೂ ಸಮರ್ಥರಾದ ಇವರು ಮಿತಭಾಷಿಗಳು. 2013ರಲ್ಲಿ ಇವರ ತಂದೆಯವರನ್ನು ದುಷ್ಕರ್ಮಿಗಳು ಅಪಹರಿಸಿದ್ದರು. ಕೆಲಕಾಲದ ನಂತರ ಅವರ ಬಿಡುಗಡೆಯಾಯಿತು. ಇಂತಹ ಸಂಕಟಗಳ ನಡುವೆಯೂ ನಬಿಯವರು ಅಂಗಣವನ್ನು ಬಿಡಲಿಲ್ಲ. 2017ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಹೈದರಾಬಾದ್ ತಂಡವು ಇವರನ್ನೂ ರಶೀದ್ ಖಾನರನ್ನೂ ಆರಿಸಿಕೊಂಡಿತು. ಆ ಲೀಗಿಗೆ ಆಯ್ಕೆಯಾದ ಮೊದಲ ಅಫ್ಘಾನ್ ಆಟಗಾರರು ಇವರಿಬ್ಬರು.

ಎರಡನೆಯವರೇ ರಶೀದ್ ಖಾನ್. ಇವರು 1998ರಲ್ಲಿ ನಂಗರ್ಹಾರ್ ಪ್ರಾಂತದಲ್ಲಿ ಜನಿಸಿದರು. ಇವರ ಕುಟುಂಬವೂ ಕೆಲವು ವರ್ಷ ಪಾಕಿಸ್ತಾನದಲ್ಲಿ ಆಶ್ರಯ ಪಡೆದಿತ್ತು. ಸಹೋದರರೊಡನೆ ಅಂಟುಪಟ್ಟಿಯ ಚೆಂಡಿನಲ್ಲಿ ಆಡುತ್ತ ಆಡುತ್ತ ಬಾಲಕ ರಶೀದ್ ಲೆಗ್ ಸ್ಪಿನ್ ಎಂಬ ಕಠಿಣ ಕಲೆಯನ್ನು ಕೈವಶ ಮಾಡಿಕೊಂಡರು. ಲೆಗ್ ಸ್ಪಿನ್ ಚೆಂಡು ನೆಲಕ್ಕೆ ಬಿದ್ದ ಮೇಲೆ ಬಲಗೈ ದಾಂಡಿಗನ ಕಾಲಿನ ಕಡೆಯಿಂದ ಹೊರಕ್ಕೆ ತಿರುಗುತ್ತದೆ. ಗೂಗ್ಲಿ ಎಂಬ ಚೆಂಡು ಅದೇ ಬಗೆಯಲ್ಲಿ ಕೈಬಿಟ್ಟಂತೆ ತೋರಿದರೂ ಒಳಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ ಇಂತಹ ಬೌಲರುಗಳು ಚೆಂಡನ್ನು ಎತ್ತರಕ್ಕೆ ತೂರಿ ನಿಧಾನವಾಗಿ ಎಸೆಯುತ್ತಾರೆ. ಆಗ ದಾಂಡಿಗನಿಗೆ ಚೆಂಡು ಯಾವ ಕಡೆಗೆ ತಿರುಗುವುದೆಂದು ಊಹಿಸಲು ಒಂದಿಷ್ಟು ಸಮಯ ದೊರೆಯುತ್ತದೆ. ರಶೀದರು ಓಡುತ್ತ ಬಂದು ತೋಳನ್ನು ಬಿರುಸಾಗಿ ಬೀಸುತ್ತಾರೆ. ಚೆಂಡು ವೇಗವಾಗಿ ಬರುತ್ತದೆ. ಎರಡು ಕಡೆಗೂ ತಿರುಗಬಲ್ಲದು. ಊಹಿಸುವಷ್ಟರಲ್ಲಿ ವಿಕೆಟ್ ಉರುಳಿರುತ್ತದೆ.

2015ರಲ್ಲಿ ಹದಿನೇಳರ ಹರೆಯದಲ್ಲಿ ದೇಶದ ಅಂಗಿ ತೊಟ್ಟ ರಶೀದರು ಟಿ-20 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 100 ವಿಕೆಟ್ಟುಗಳನ್ನು ಕೇವಲ 53 ಪಂದ್ಯಗಳಲ್ಲಿ ಪಡೆದರು. 2019ರಲ್ಲಿ ದೆಹರಾದೂನಿನಲ್ಲಿ ಐರ್ಲೆಂಡಿನ ವಿರುದ್ಧ ಸತತ ನಾಲ್ಕು ಚೆಂಡುಗಳಲ್ಲಿ ನಾಲ್ಕು ವಿಕೆಟ್ಟುಗಳನ್ನು ಉರುಳಿಸಿದರು. 2025ರ ಸೆಪ್ಟೆಂಬರಿನಲ್ಲಿ ನ್ಯೂಜಿಲೆಂಡಿನ ಟಿಮ್ ಸೌಥಿಯವರ 164 ವಿಕೆಟ್ಟುಗಳ ದಾಖಲೆಯನ್ನು ಮೀರಿ, ಪುರುಷರ ಟಿ-20 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಲ್ಲಿಯವರೆಗೆ ಅತಿ ಹೆಚ್ಚು ವಿಕೆಟ್ ಪಡೆದವರೆನಿಸಿದರು.

ಅಫ್ಘಾನಿಸ್ತಾನದ ತಂಡಕ್ಕೆ ತನ್ನ ದೇಶದಲ್ಲಿ ಬೇರೆ ತಂಡಗಳನ್ನು ಆಹ್ವಾನಿಸಿ ಆಡುವ ಭಾಗ್ಯವಿರಲಿಲ್ಲ. ಅಲ್ಲಿನ ಅಶಾಂತಿಯೇ ಇದಕ್ಕೆ ಕಾರಣ. 2018ರ ಮೇ ತಿಂಗಳಲ್ಲಿ ಜಲಾಲಾಬಾದಿನ ಕ್ರೀಡಾಂಗಣದಲ್ಲಿ ರಂಜಾನ್ ಮಾಸದ ರಾತ್ರಿ ಪಂದ್ಯವೊಂದು ನಡೆಯುತ್ತಿದ್ದಾಗ ಬಾಂಬುಗಳು ಸಿಡಿದು, ಆಟ ನೋಡಲು ಬಂದವರು ಪ್ರಾಣ ಕಳೆದುಕೊಂಡರು. ಹೀಗಾಗಿ ತಂಡವು ಪರದೇಶದ ಅಂಗಣಗಳನ್ನೇ ತನ್ನ ಮನೆಯಂಗಳವನ್ನಾಗಿ ಮಾಡಿಕೊಳ್ಳಬೇಕಾಯಿತು. ಕೆಲಕಾಲ ಶಾರ್ಜಾ, ಅನಂತರ ನಮ್ಮ ದೇಶದ ಗ್ರೇಟರ್ ನೋಯ್ಡಾ, ದೆಹರಾದೂನ್ ಮತ್ತು ಲಖನೌಗಳು ಅದಕ್ಕೆ ಆಶ್ರಯ ನೀಡಿದವು. ದೆಹರಾದೂನಿನಲ್ಲಿಯೇ 2019ರ ಫೆಬ್ರವರಿಯಲ್ಲಿ ಹಜ್ರತುಲ್ಲಾ ಝಝಾಯಿಯವರು 62 ಚೆಂಡುಗಳಲ್ಲಿ 162 ರನ್ನುಗಳನ್ನು ಬಾರಿಸಿದರು. ಅಂದು ತಂಡವು ಗಳಿಸಿದ 278 ರನ್ನುಗಳು ಆ ಕಾಲಕ್ಕೆ ವಿಶ್ವದಾಖಲೆಯಾಗಿದ್ದವು.

ಕನ್ನಡ ನಾಡಿಗೂ ಈ ತಂಡದ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. 2017ರಲ್ಲಿ ಅಫ್ಘಾನಿಸ್ತಾನಕ್ಕೆ ಟೆಸ್ಟ್ ಆಡುವ ಮಾನ್ಯತೆಯು ದೊರೆಯಿತು. ಅದರ ಮೊದಲ ಟೆಸ್ಟ್ ಪಂದ್ಯವು 2018ರ ಜೂನ್ 14ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರಂಭವಾಯಿತು. ಭಾರತವು 474 ರನ್ನುಗಳನ್ನು ಗಳಿಸಿತು. ಅಫ್ಘಾನಿಸ್ತಾನವು ಎರಡನೆಯ ದಿನ ಒಂದೇ ದಿವಸದಲ್ಲಿ 109 ಮತ್ತು 103 ರನ್ನುಗಳಿಗೆ ಎರಡು ಸಲ ಔಟಾಯಿತು. ಕಿರು ಆಟದ ಬಿರುಸಿಗೂ ದೀರ್ಘ ಆಟದ ತಾಳ್ಮೆಗೂ ಇರುವ ಅಂತರವು ಅಂದು ಸ್ಪಷ್ಟವಾಯಿತು. ಆದರೆ ಪಂದ್ಯ ಮುಗಿದ ಮೇಲೆ ನಡೆದ ಘಟನೆಯೊಂದು ಪ್ರೇಕ್ಷಕರ ಮನಸ್ಸಿನಲ್ಲಿ ಉಳಿಯಿತು. ಗೆದ್ದ ಪಾರಿತೋಷಕದೊಡನೆ ಭಾವಚಿತ್ರಕ್ಕೆ ನಿಲ್ಲುವಾಗ ಭಾರತದ ನಾಯಕ ಅಜಿಂಕ್ಯ ರಹಾನೆಯವರು ಸೋತ ತಂಡದ ಆಟಗಾರರನ್ನೂ ಕರೆದು ಜೊತೆಯಲ್ಲಿ ನಿಲ್ಲಿಸಿಕೊಂಡರು. ಎರಡು ತಂಡಗಳೂ ಒಂದೇ ಚಿತ್ರದಲ್ಲಿ ಸೇರಿದವು.

2021ರ ಆಗಸ್ಟಿನಲ್ಲಿ ತಾಲಿಬಾನರು ಕಾಬೂಲನ್ನು ಮತ್ತೆ ವಶಪಡಿಸಿಕೊಂಡರು. ಎರಡು ತಿಂಗಳ ನಂತರ ಟಿ-20 ವಿಶ್ವಕಪ್ಪು ಆರಂಭವಾಯಿತು. ಅಕ್ಟೋಬರ್ 25ರಂದು ಶಾರ್ಜಾದಲ್ಲಿ ನಬಿಯವರ ನಾಯಕತ್ವದಲ್ಲಿ ತಂಡವು ಅಂಗಣದಲ್ಲಿ ಸಾಲುಗಟ್ಟಿ ನಿಂತಿತು. ಹಿಂದಿನ ಗಣರಾಜ್ಯದ ಕಪ್ಪು, ಕೆಂಪು, ಹಸಿರು ಬಣ್ಣದ ಧ್ವಜವೇ ಅವರೊಡನಿತ್ತು. ಹಿಂದಿನ ರಾಷ್ಟ್ರಗೀತೆಯೇ ಮೊಳಗಿತು. ಮಿತಭಾಷಿಯಾದ ನಬಿಯವರ ಕಣ್ಣುಗಳಿಂದ ನೀರು ಹರಿಯಿತು. ಅನಂತರ ಆಟಕ್ಕಿಳಿದ ತಂಡವು 190 ರನ್ನುಗಳನ್ನು ಗಳಿಸಿ, ಸ್ಕಾಟ್ಲೆಂಡನ್ನು 60 ರನ್ನುಗಳಿಗೆ ಔಟ್ ಮಾಡಿತು. ಮುಜೀಬ್ ಉರ್ ರಹಮಾನರು ಐದು ವಿಕೆಟ್ಟುಗಳನ್ನೂ ರಶೀದರು ನಾಲ್ಕು ವಿಕೆಟ್ಟುಗಳನ್ನೂ ಪಡೆದರು. ಮನಸ್ಸಿನಲ್ಲಿ ದುಃಖವಿದ್ದರೂ ಕೈ ತನ್ನ ಕೆಲಸವನ್ನು ಮರೆಯಲಿಲ್ಲ.

ತಂಡದ ಅತ್ಯಂತ ದೊಡ್ಡ ಸಾಧನೆಯು 2024ರ ಟಿ-20 ವಿಶ್ವಕಪ್ಪಿನಲ್ಲಿ ನಡೆಯಿತು. ರಶೀದರು ಆಗ ನಾಯಕರು. ಗಯಾನಾದಲ್ಲಿ ನ್ಯೂಜಿಲೆಂಡ್ ತಂಡವು 75 ರನ್ನುಗಳಿಗೆ ಕುಸಿಯಿತು. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಆಸ್ಟ್ರೇಲಿಯವನ್ನು ತಂಡವು 21 ರನ್ನುಗಳಿಂದ ಮಣಿಸಿತು. ಅಂದು ರಹಮಾನುಲ್ಲಾ ಗುರ್ಬಾಜ್ ಮತ್ತು ಇಬ್ರಾಹಿಂ ಜದ್ರಾನ್ ಮೊದಲ ವಿಕೆಟ್ಟಿಗೆ 118 ರನ್ನುಗಳನ್ನು ಕೂಡಿಸಿದರು. ಗುಲ್ಬದೀನ್ ನೈಬರು 20 ರನ್ನು ಕೊಟ್ಟು ನಾಲ್ಕು ವಿಕೆಟ್ ಪಡೆದರು. ಮಳೆಯಿಂದ ಮತ್ತೆ ಮತ್ತೆ ನಿಂತ ಪಂದ್ಯದಲ್ಲಿ ಬಾಂಗ್ಲಾದೇಶವನ್ನು 8 ರನ್ನುಗಳಿಂದ ಸೋಲಿಸಿ ತಂಡವು ಮೊದಲ ಬಾರಿಗೆ ಉಪಾಂತ್ಯವನ್ನು ಪ್ರವೇಶಿಸಿತು. ಅಫ್ಘಾನಿಸ್ತಾನದ ನಗರಗಳಲ್ಲಿ ಜನರು ಬೀದಿಗಿಳಿದು ಕುಣಿದಾಡಿದರು. ಉಪಾಂತ್ಯದಲ್ಲಿ ದಕ್ಷಿಣ ಆಫ್ರಿಕದೆದುರು ತಂಡವು ಕೇವಲ 56 ರನ್ನುಗಳಿಗೆ ಔಟಾಗಿ ಸೋತಿತು. ಆದರೂ ಆ ಪಂದ್ಯಾವಳಿಯಲ್ಲಿ 281 ರನ್ನುಗಳೊಡನೆ ಗುರ್ಬಾಜರು ಎಲ್ಲ ದಾಂಡಿಗರಿಗಿಂತ ಮುಂದಿದ್ದರು. ಫಜಲ್‌ಹಕ್ ಫಾರೂಕಿಯವರು 17 ವಿಕೆಟ್ಟುಗಳೊಡನೆ ಬೌಲರುಗಳ ಪಟ್ಟಿಯಲ್ಲಿ ಭಾರತದ ಅರ್ಷದೀಪ್ ಸಿಂಗರೊಡನೆ ಅಗ್ರಸ್ಥಾನವನ್ನು ಹಂಚಿಕೊಂಡರು.

ಈ ಕಥೆಯು ಇಲ್ಲಿಗೆ ಮುಗಿದಿದ್ದರೆ ಅದು ಸುಖಾಂತವಾದ ಕಥೆಯಾಗುತ್ತಿತ್ತು. ಆದರೆ ಇದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. 2020ರ ನವೆಂಬರಿನಲ್ಲಿ ಅಫ್ಘಾನಿಸ್ತಾನದ ಕ್ರಿಕೆಟ್ ಮಂಡಳಿಯು 25 ಮಂದಿ ಮಹಿಳಾ ಆಟಗಾರರನ್ನು ಆರಿಸಿ ಅವರೊಡನೆ ಒಪ್ಪಂದ ಮಾಡಿಕೊಂಡಿತ್ತು. ದೇಶದ ಅಂಗಿಯನ್ನು ತೊಟ್ಟು ಆಡುವ ದಿನ ಬಂದೇ ಬರುವುದೆಂದು ಅವರು ನಂಬಿದ್ದರು. ಒಂದು ವರ್ಷ ತುಂಬುವುದರೊಳಗೆ ಆಡಳಿತವು ಬದಲಾಯಿತು. ಹೊಸ ಆಡಳಿತವು ಹೆಣ್ಣುಮಕ್ಕಳಿಗೆ ಆರನೆಯ ತರಗತಿಯಿಂದ ಮುಂದಿನ ಶಾಲೆಯ ಬಾಗಿಲನ್ನು ಮುಚ್ಚಿತು. ಅವರು ಆಟವಾಡುವುದನ್ನೂ ತಡೆಯಿತು. ಕೆಲವು ಆಟಗಾರ್ತಿಯರು ತಮ್ಮ ಆಟದ ಸಾಮಗ್ರಿಗಳನ್ನು ಬಿಟ್ಟು ದೇಶದಿಂದ ಹೊರಬರಬೇಕಾಯಿತು. ಅವರಲ್ಲಿ ಬಹುಮಂದಿ ಆಸ್ಟ್ರೇಲಿಯದಲ್ಲಿ ಆಶ್ರಯ ಪಡೆದರು. ತಂದೆತಾಯಿಯರ ತಲೆಮಾರಿಗೆ ಪೇಶಾವರವು ಏನಾಗಿತ್ತೋ ಅದೇ ಈ ತರುಣಿಯರಿಗೆ ಮೆಲ್ಬೋರ್ನ್ ಮತ್ತು ಕ್ಯಾನ್‌ಬೆರ್ರಾ ನಗರಗಳಾದವು.

2025ರ ಜನವರಿ 30ರಂದು ಮೆಲ್ಬೋರ್ನಿನ ಜಂಕ್ಷನ್ ಓವಲ್ ಅಂಗಣದಲ್ಲಿ ಈ ಆಟಗಾರ್ತಿಯರು ನಹೀದಾ ಸಪನ್ ಅವರ ನಾಯಕತ್ವದಲ್ಲಿ ಮೊದಲ ಬಾರಿಗೆ ಒಂದು ತಂಡವಾಗಿ ಇಪ್ಪತ್ತು ಓವರುಗಳ ಪಂದ್ಯವನ್ನಾಡಿದರು. ಅದು ಪ್ರದರ್ಶನ ಪಂದ್ಯ. ಅಂತರರಾಷ್ಟ್ರೀಯ ದಾಖಲೆಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ಅವರು ತೊಟ್ಟ ಅಂಗಿಯು ದೇಶದ ಅಧಿಕೃತ ತಂಡದ್ದಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ಮಂಡಳಿಯು ಭಾರತ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳ ಮಂಡಳಿಗಳೊಡನೆ ಸೇರಿ ಇವರಿಗೆ ಧನಸಹಾಯ ಮತ್ತು ತರಬೇತಿಯನ್ನು ನೀಡುವ ಯೋಜನೆಯನ್ನು ಪ್ರಕಟಿಸಿತು.

ಈ ವಿಷಯದಲ್ಲಿ ಲೋಕದ ಅಭಿಪ್ರಾಯವು ಒಂದೇ ಆಗಿಲ್ಲ. ಆಸ್ಟ್ರೇಲಿಯದ ಮಂಡಳಿಯು ಅಫ್ಘಾನಿಸ್ತಾನದ ಪುರುಷರ ತಂಡದೊಡನೆ ನಡೆಯಬೇಕಾಗಿದ್ದ ಸರಣಿಗಳನ್ನು 2021, 2023 ಮತ್ತು 2024ರಲ್ಲಿ ಕೈಬಿಟ್ಟಿತು. ಹೆಣ್ಣುಮಕ್ಕಳಿಗೆ ಅವಕಾಶ ನೀಡದ ದೇಶದೊಡನೆ ಆಡುವುದು ತರವಲ್ಲವೆಂಬುದು ಅದರ ನಿಲುವು. ಪುರುಷರ ತಂಡವನ್ನು ದೂರವಿಟ್ಟರೆ ನೊಂದ ಜನರಿಗೆ ಉಳಿದಿರುವ ಒಂದು ಸಂತೋಷವನ್ನೂ ಕಿತ್ತುಕೊಂಡಂತಾಗುವುದೆಂದು ಬೇರೆ ಕೆಲವರು ವಾದಿಸುತ್ತಾರೆ. ಎರಡು ಮಾತುಗಳಲ್ಲಿಯೂ ತೂಕವಿದೆ. ಆಟಗಾರರೂ ಸುಮ್ಮನಿರಲಿಲ್ಲ. 2024ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳು ವೈದ್ಯಕೀಯ ಶಿಕ್ಷಣವನ್ನು ಪಡೆಯುವುದಕ್ಕೆ ತಡೆ ಬಂದಾಗ ರಶೀದ್ ಖಾನರು, ಮೊಹಮ್ಮದ್ ನಬಿಯವರು ಅದನ್ನು ಬಹಿರಂಗವಾಗಿ ವಿರೋಧಿಸಿದರು. ವಿದ್ಯೆಯು ಗಂಡು ಹೆಣ್ಣು ಇಬ್ಬರಿಗೂ ಸೇರಿದ್ದೆಂಬುದು ಅವರ ಮಾತಿನ ಸಾರವಾಗಿತ್ತು. ಬಂಧುಬಳಗವು ಇನ್ನೂ ದೇಶದಲ್ಲಿರುವಾಗ ಹೀಗೆ ಮಾತನಾಡಲು ಧೈರ್ಯ ಬೇಕು.

ದೇಶವನ್ನು ಪ್ರತಿನಿಧಿಸುವುದೆಂದರೆ ದೇಶದ ಜನರೆಲ್ಲರ ಪರವಾಗಿ ನಿಲ್ಲುವುದು. ಕಚಾಗಢಿಯ ಹುಡುಗರು ಅಂಟುಪಟ್ಟಿಯ ಚೆಂಡಿನಿಂದ ಆಡುತ್ತಿದ್ದಾಗ ಅವರ ಬಳಿ ಅಂಗಣವಿರಲಿಲ್ಲ, ಹಣವಿರಲಿಲ್ಲ, ಮನ್ನಣೆಯಿರಲಿಲ್ಲ. ಆದರೂ ತಮ್ಮದು ಅಫ್ಘಾನಿಸ್ತಾನದ ತಂಡವೆಂದು ಅವರು ಹೇಳಿಕೊಂಡರು. ಲೋಕವು ಅದನ್ನು ಒಪ್ಪಿಕೊಳ್ಳಲು ಹಲವು ವರ್ಷಗಳು ಬೇಕಾದವು. ಇಂದು ಪರದೇಶದ ಅಂಗಣದಲ್ಲಿ ಅಭ್ಯಾಸ ಮಾಡುವ ತರುಣಿಯರ ಬಳಿಯೂ ಅಂತಹ ಮಾತು ಮಾತ್ರವೇ ಇದೆ. ಅದು ಎಂದು ದಾಖಲೆಯ ಪುಸ್ತಕವನ್ನು ಸೇರುವುದೋ ಯಾರೂ ಹೇಳಲಾರರು. ಆದರೆ ಡೇರೆಯೊಳಗೆ ಹುಟ್ಟಿದ ಮಾತೊಂದು ವಿಶ್ವಕಪ್ಪಿನ ಉಪಾಂತ್ಯದವರೆಗೆ ನಡೆದು ಬಂದುದನ್ನು ಲೋಕವು ಈಗಾಗಲೇ ಒಮ್ಮೆ ಕಂಡಿದೆ.